ಅತ್ತೆಯ ಕೈಗುಣ

ಬಲಗಣ್ಣು ಮುಚ್ಚಿಕೊಂಡರೆ ನನಗೆ ಲೋಕ ಸರಿಯಾಗಿಯೇ ಕಾಣುತ್ತದೆ. ಎಡಗಣ್ಣು ಮುಚ್ಚಿಕೊಂಡರೆ ಅಕ್ಕಿ ತೊಳೆದ ನೀರಿನೊಳಗಿಂದ ನೋಡಿದ ಹಾಗೆ. ಬಾಗಿಲು ಎಲ್ಲಿದೆಯೆಂದು ಗೊತ್ತಾಗುತ್ತದೆ, ಬಾಗಿಲಲ್ಲಿ ನಿಂತವರು ಯಾರೆಂದು ಗೊತ್ತಾಗುವುದಿಲ್ಲ. ಹಾಗಾಗಿ ಬೊಂಬಾಯಿಯ ಕನ್ನಡ ಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಕರಡು ತಿದ್ದಿಕೊಂಡಿದ್ದ ನಾನು ಈಗ ಮನೆಯಲ್ಲಿ ಕೂತಿದ್ದೇನೆ. ಇದನ್ನೂ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಬರೆಯುತ್ತಿದ್ದೇನೆ. ತಪ್ಪು ಉಳಿದಿದ್ದರೆ ಈಗಿನವರು ನೋಡಿಕೊಳ್ಳಲಿ. ನನ್ನ ಕಾಲದಲ್ಲಿ ನಾನು ಬೇಕಾದಷ್ಟು ಜನರ ತಪ್ಪು ತಿದ್ದಿದ್ದೇನೆ.

ಕಣ್ಣು ಹೋದದ್ದು ಸರ್ಪಸುತ್ತಿನಿಂದ. ಅಷ್ಟನ್ನು ನಮ್ಮ ಚಾಳಿನ ಹೊರಗಿನವರು ಕೇಳಿದರೆ ಹೇಳುತ್ತೇನೆ. ಉಳಿದದ್ದನ್ನು ಹೇಳುತ್ತಿರಲಿಲ್ಲ, ಏಕೆಂದರೆ ಉಳಿದದ್ದು ಬಹಳ ಕಾಲ ನನಗೇ ಗೊತ್ತಿರಲಿಲ್ಲ.

ನಮ್ಮದು ದಾದರಿನ ಹಳೆಯ ಚಾಳು, ಒಂದೊಂದು ಮಾಳಿಗೆಗೂ ಸಾಲು ಕೋಣೆಗಳು. ಮೂರನೇ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಎಲ್ಲರಿಗೂ ಸೇರಿದ ಗ್ಯಾಲರಿ. ನನ್ನ ಗಂಡ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ನಾನು ಹುಟ್ಟಿ ಬೆಳೆದದ್ದು ಇದೇ ಬೊಂಬಾಯಿಯಲ್ಲಿ, ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಅತ್ತೆ ಮದುವೆಯಾಗಿ ಉಡುಪಿ ಕಡೆಯಿಂದ ಬಂದವರು. ಇಲ್ಲಿ ಐವತ್ತು ವರ್ಷ ಕಳೆದರೂ ಊರಿನ ಮಾತು ಬಿಟ್ಟವರಲ್ಲ. ಚಾಳಿನಲ್ಲಿ ಅವರನ್ನು ಹೆಸರಿಟ್ಟು ಕರೆಯುವವರು ಯಾರೂ ಇರಲಿಲ್ಲ. ಮರಾಠಿಯವರಿಗೆ, ಉತ್ತರದ ಭೈಯ್ಯಾಗಳಿಗೆ, ಗುಜರಾತಿಗಳಿಗೆ ಎಲ್ಲರಿಗೂ ಅವರು ‘ಅಮ್ಮ’. ನಾಗೀಣ್ ಬರೆಯುವ ಅಮ್ಮ.

ನಾವು ಸರ್ಪಸುತ್ತು ಎನ್ನುವುದಕ್ಕೆ ಇಲ್ಲಿಯವರು ನಾಗೀಣ್ ಎನ್ನುತ್ತಾರೆ. ಮೈಯ ಒಂದೇ ಬದಿಗೆ ಪಟ್ಟಿ ಹಿಡಿದ ಹಾಗೆ ನೀರುಗುಳ್ಳೆ ಏಳುತ್ತವೆ, ಕಾದ ಎಣ್ಣೆ ಬಿದ್ದಷ್ಟು ಉರಿ. ಹಾವು ಸುತ್ತುತ್ತಿದೆ, ತಲೆಯೂ ಬಾಲವೂ ಕೂಡಿದರೆ ಆಸೆ ಬಿಡಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ಇಲ್ಲಿಯವರ ನಂಬಿಕೆಯೂ ಅದೇ. ಕೂಡದ ಹಾಗೆ ಸುತ್ತಲೂ ಗೆರೆ ಎಳೆಯುವುದು ಅತ್ತೆಯ ಕೆಲಸ. ಕಾವಿಕಲ್ಲನ್ನು ಅಕ್ಕಿ ತೊಳೆದ ನೀರಿನಲ್ಲಿ ತೇಯ್ದು, ಗರಿಕೆಯ ರಸ ಸೇರಿಸಿ, ಗರಿಕೆಯ ತುದಿಯಿಂದಲೇ ಬರೆಯುತ್ತಿದ್ದರು. ಗರಿಕೆಗೆ ದಾದರಿನ ಹೂವಿನ ಮಾರ್ಕೆಟ್ ಇತ್ತು. ಗಣಪತಿಗೆಂದು ಕಟ್ಟಿಟ್ಟ ಸೂಡಿಯನ್ನು ಎತ್ತಿ ಕೊಡುವ ಮಾರುವವಳಿಗೂ ಇದು ಯಾತಕ್ಕೆಂದು ಗೊತ್ತಿತ್ತು. ಬಂದವರು ಖಾಲಿ ಹೊಟ್ಟೆಯಲ್ಲಿ ಬರಬೇಕು, ಮೂರು ಬೆಳಗ್ಗೆ ಬರೆಸಿಕೊಳ್ಳಬೇಕು. ಬದನೆ, ಮೀನು, ಹುಳಿ ಬಿಡಬೇಕು. ಬಿಸಿಲಿಗೆ ಹೋಗಬಾರದು, ಕೆಲಸ ಮಾಡಬಾರದು. ಅತ್ತೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಕೈಗುಣ ಹೋಗುತ್ತದೆ ಎನ್ನುತ್ತಿದ್ದರು.

ಬರೆಯುವ ಹೊತ್ತು ಎಂದರೆ ಚಾಳಿನಲ್ಲಿ ನೀರು ಬರುವ ಹೊತ್ತು. ನಾನು ಅಡುಗೆಮನೆಯ ಮೂಲೆಯ ಮೋರಿಯಲ್ಲಿ ಡ್ರಮ್ಮಿಗೆ ಪೈಪು ಹಾಕಿಕೊಂಡು, ಬಕೆಟು ಸಾಲಾಗಿ ಇಟ್ಟುಕೊಂಡು ಒದ್ದಾಡುತ್ತಿದ್ದೆ. ಹೊಸಿಲಿನ ಬಳಿ ಅತ್ತೆ ಬರೆಯುತ್ತಿದ್ದರು. ಬರೆದು ಮುಗಿದ ಮೇಲೆ ಬಂದವರನ್ನು ಮೆಟ್ಟಿಲ ತನಕ ಕಳಿಸಿಕೊಡುವುದು ಅವರ ಪದ್ಧತಿ. ಅಲ್ಲಿ ನಿಂತು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು. ಪಥ್ಯ ಹೇಳುತ್ತಿದ್ದಾರೆಂದು ನಾನು ತಿಳಿದಿದ್ದೆ. ನೀರಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ, ಕೇಳಿಸಿಕೊಳ್ಳಬೇಕೆಂದು ನನಗೂ ಅನಿಸಿರಲಿಲ್ಲ.

ನಾನು ಕಣ್ಣು ಮುಚ್ಚಿ ನಂಬಿದವಳಲ್ಲ, ಅದನ್ನಿಲ್ಲಿ ಹೇಳಲೇಬೇಕು. ಪತ್ರಿಕೆಯ ಆರೋಗ್ಯ ಅಂಕಣದ ಕರಡು ವಾರವಾರವೂ ನನ್ನ ಕೈಯಲ್ಲೇ ದಾಟುತ್ತಿತ್ತು. ಮದುವೆಯಾದ ಹೊಸತರಲ್ಲಿ, ಮಣ್ಣು ಹಚ್ಚಿದರೆ ರೋಗ ಹೋಗುವುದಾದರೆ ಆಸ್ಪತ್ರೆಗಳೆಲ್ಲ ಯಾಕೆ ಎಂದು ಅತ್ತೆಯ ಎದುರೇ ಕೇಳಿದ್ದೆ. ಅವರಿಗೆ ಸಿಟ್ಟು ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಮ್ಮಂಥ ಕಲಿತವರನ್ನು ನೋಡಿಯೇ ಹುಟ್ಟಿದ್ದು ಎಂದು ನಕ್ಕರು. ಆಮೇಲೆ ನಾನು ನೋಡಿದೆ. ಒಬ್ಬರಲ್ಲ ಇಬ್ಬರಲ್ಲ. ಎರಡನೇ ಮಾಳಿಗೆಯ ನಿವೃತ್ತ ಮಾಸ್ತರರು ಸೊಂಟ ಬಗ್ಗಿಸಿಕೊಂಡು ಮೆಟ್ಟಿಲು ಹತ್ತಿದವರು ವಾರದಲ್ಲಿ ನೆಟ್ಟಗೆ ನಡೆದರು. ಮೀನು ಮಾರುವ ಹೆಂಗಸು ಎದೆಯ ಮೇಲೆ ಸೆರಗು ತಾಗಿಸಲಾರದೆ ಅಳುತ್ತ ಬಂದವಳು ಮುಂದಿನ ಸೋಮವಾರ ಬುಟ್ಟಿ ಹೊತ್ತಳು. ನನ್ನ ಗಂಡನ ಹೋಟೆಲಿನ ದೋಸೆ ಭಟ್ಟರು, ಪೊಲೀಸ್ ಲೈನಿನವರು, ಯಾರ್ಯಾರೋ. ಎಲ್ಲರೂ ಗುಣವಾದರು. ಕಣ್ಣಾರೆ ಕಂಡದ್ದನ್ನು ಅಲ್ಲವೆನ್ನುವುದು ಹೇಗೆ? ನಾನು ಬಾಯಿ ಮುಚ್ಚಿಕೊಂಡು ಗರಿಕೆ ಆರಿಸಿಕೊಡಲು ಕೂತೆ.

ನನಗೆ ಬಂದದ್ದು ಒಂದು ಬೇಸಿಗೆಯಲ್ಲಿ. ಎರಡು ದಿನ ಬಲಗಡೆ ತಲೆ ಸಿಡಿಯಿತು, ಆಫೀಸಿನ ಫ್ಯಾನಿನ ಕೆಳಗೆ ಕೂತದ್ದಕ್ಕೆ ಇರಬೇಕೆಂದುಕೊಂಡೆ. ಮೂರನೇ ಬೆಳಗ್ಗೆ ಕನ್ನಡಿ ನೋಡಿದರೆ ಬಲ ಹುಬ್ಬಿನ ಮೇಲೆ ಗುಳ್ಳೆಗಳ ಗೊಂಚಲು, ಮೂಗಿನ ಪಕ್ಕಕ್ಕೆ ಒಂದು. ಅತ್ತೆಗೆ ತೋರಿಸಿದೆ. ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಅವರ ಮುಖ ಅರಳಿತು. ಉತ್ಪ್ರೇಕ್ಷೆಯಲ್ಲ, ಅರಳಿತು. ಮೊಮ್ಮಗು ಹುಟ್ಟುತ್ತದೆಂಬ ಸುದ್ದಿ ಕೊಟ್ಟಿದ್ದರೆ ಹೇಗೆ ಆಗುತ್ತಿತ್ತೋ ಹಾಗೆ. ಆ ಸುದ್ದಿಯನ್ನು ನಾನು ಅವರಿಗೆ ಕೊಡಲಾಗಿರಲಿಲ್ಲ.

“ಬಂತಲ್ಲ ಮಗಾ ನಿಂಗೂ,” ಅಂದರು. “ನಂಗೂ ಹೀಗೇ ಬಂದದ್ದು.”

ಆಗ ಅವರು ಹಿಂದೆಂದೂ ಹೇಳದ ಕತೆ ಹೇಳಿದರು. ಅವರು ಸೊಸೆಯಾಗಿ ಬಂದ ಮರುವರ್ಷ ಬೆನ್ನ ಮೇಲೆ ಸುತ್ತು ಎದ್ದಿತ್ತಂತೆ. ಅವರ ಅತ್ತೆ ಬರೆದು ಗುಣ ಮಾಡಿದರಂತೆ. ಆ ಅತ್ತೆಗೆ ಅವರ ಅತ್ತೆ. ಈ ಮನೆಯಲ್ಲಿ ಕೈಗುಣ ಹೆಣ್ಣುಮಕ್ಕಳಿಗೆ ಹೋಗುವುದಿಲ್ಲ, ಸೊಸೆಗೆ ದಾಟುತ್ತದೆ. ಅದೂ ಮೈಮೇಲೆ ಸುತ್ತು ಬಂದು, ಅದೇ ಕೈಯಿಂದ ವಾಸಿಯಾದ ಸೊಸೆಗೆ ಮಾತ್ರ. ಬೇರೆ ಮದ್ದು ತಾಗಬಾರದು. ತಾಗಿದರೆ ದಾಟುವುದಿಲ್ಲ. ಬೇರೆ ಮದ್ದಿನ ಈ ನಿಯಮ ಬರೆಸಿಕೊಳ್ಳಲು ಬರುವ ಎಲ್ಲರಿಗೂ ಇದೆಯೆಂದೇ ನಾನು ಭಾವಿಸಿದೆ.

ಆ ಬೆಳಗ್ಗೆ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಮದುವೆಯಾಗಿ ಒಂಬತ್ತು ವರ್ಷ ನಾನು ಆ ಮನೆಯಲ್ಲಿ ಪೇಪರಿನ ಆಫೀಸಿಗೆ ಹೋಗುವ ಸೊಸೆಯಾಗಿದ್ದೆ. ಮಕ್ಕಳಿಲ್ಲದ ಸೊಸೆ, ಊರಿನ ಅಡುಗೆ ಅರ್ಧಂಬರ್ಧ ಬರುವ ಸೊಸೆ. ಯಾರೂ ಹಂಗಿಸಿದವರಲ್ಲ, ಆದರೆ ನೆಂಟರ ಮನೆಗೆ ಬಂದಿಳಿದವಳಂತೆ ನಾನೇ ಇದ್ದೆ. ಅತ್ತೆ ತೇಯ್ದ ಕಾವಿ ತಂದು ನನ್ನ ಹಣೆಗೆ ಹಚ್ಚುವಾಗ, ತಣ್ಣಗಿನ ಗರಿಕೆ ಗುಳ್ಳೆಗಳ ಸುತ್ತ ಹರಿದಾಡುವಾಗ, ಈಗ ನಾನು ಈ ಮನೆಯವಳಾದೆ ಎನಿಸಿತು. ಕಣ್ಣಲ್ಲಿ ನೀರು ಬಂತು. ಉರಿಗೆ ಬಂದದ್ದೆಂದು ಅತ್ತೆ ತಿಳಿದು ಊದಿದರು.

ಆಫೀಸಿಗೆ ರಜೆ ಹೇಳಲು ಫೋನ್ ಮಾಡಿದೆ. ಸರ್ಪಸುತ್ತು ಹಣೆಯ ಮೇಲೆ ಬಂದಿದೆ ಎಂದು ನಾನು ಹೇಳಿದ ಕೂಡಲೇ ಜೊತೆಯ ಉಪಸಂಪಾದಕಿ ಗಾಬರಿಯಾದಳು. ಕಣ್ಣಿನ ಹತ್ತಿರ ಬಂದರೆ ಒಂದು ದಿನವೂ ತಡ ಮಾಡಬಾರದು, ಈಗಲೇ ಡಾಕ್ಟರ ಹತ್ತಿರ ಹೋಗು ಎಂದು ಒತ್ತಾಯ ಮಾಡಿದಳು. ನಮ್ಮ ಅತ್ತೆ ಬರೆಯುತ್ತಿದ್ದಾರೆ, ನೂರಾರು ಜನರಿಗೆ ವಾಸಿಯಾದದ್ದನ್ನು ನಾನೇ ನೋಡಿದ್ದೇನೆ, ನೀನು ಹೆದರಬೇಡ ಎಂದು ನಾನೇ ಅವಳಿಗೆ ಧೈರ್ಯ ಹೇಳಿದೆ. ನನ್ನ ಗಂಡ ಪಕ್ಕದಲ್ಲೇ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಫೋನ್ ಇಟ್ಟ ಮೇಲೆ ನನ್ನ ಕಡೆ ಒಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಗುಳ್ಳೆ ರೆಪ್ಪೆಗೆ ಇಳಿಯಿತು. ಅತ್ತೆ ಕಾವಿಯನ್ನು ಮಂದ ಮಾಡಿ ಬರೆದರು. ಅದರ ಮರುದಿನ ಕಣ್ಣು ತೆರೆಯಲಾಗಲಿಲ್ಲ, ಬೆಳಕು ತಾಗಿದರೆ ಮೆಣಸಿನ ಪುಡಿ ಎರಚಿದ ಹಾಗೆ. ಕಿಟಕಿಗೆ ಬೆಡ್‌ಶೀಟು ಕಟ್ಟಿ ಕತ್ತಲೆ ಮಾಡಿದರು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ವಿಷ ಹೊರಗೆ ಬರುವಾಗ ಹೀಗೆಯೇ, ಮೂರನೇ ಬರಹಕ್ಕೆ ಇಳಿಯುತ್ತದೆ ಎಂದರು. ನಾನು ಹೂಂ ಎಂದೆ. ಆಗಲೂ ನನಗೆ ಅನುಮಾನ ಬರಲಿಲ್ಲ. ತಡೆದುಕೊಳ್ಳಲಾರದ ನನ್ನದೇ ತಪ್ಪು ಎನಿಸಿತು. ಮೂರನೇ ಬರಹವೂ ಆದ ಮೇಲೆ ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನೋಡಿ ನನ್ನ ಗಂಡ ಟ್ಯಾಕ್ಸಿ ತಂದರು. ಅತ್ತೆ ತಡೆಯಲಿಲ್ಲ. ಗ್ಯಾಲರಿಯ ಕಟಕಟೆ ಹಿಡಿದು ನಿಂತಿದ್ದರಂತೆ, ನನಗೆ ಅವರು ಕಾಣಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ. ಹತ್ತಿಯಿಂದ ನನ್ನ ಹಣೆಯ ಕೆಂಪನ್ನು ಒರೆಸುತ್ತ ಇದೇನು ಎಂದು ಕೇಳಿದಳು. ಮೆಡಿಕಲ್ ಸ್ಟೋರಿನವನು ಕೊಟ್ಟ ಲೋಶನ್ ಎಂದೆ. ಅತ್ತೆಯ ಹೆಸರು ಒಬ್ಬ ಪರಕೀಯಳ ಬಾಯಲ್ಲಿ ಬರುವುದು ನನಗೆ ಬೇಡವಾಗಿತ್ತು. ಅವಳು ಹತ್ತಿಯನ್ನು ಮೂಸಿ ನೋಡಿದಳು. ತನ್ನ ಅಜ್ಜಿಯೂ ಇದನ್ನೇ ಹಚ್ಚುತ್ತಿದ್ದರೆಂದೂ, ಹಚ್ಚಿದ್ದಕ್ಕೆ ತನ್ನ ತಕರಾರಿಲ್ಲವೆಂದೂ ಹೇಳಿದಳು. ಇದರ ಜೊತೆಗೆ ಗುಳಿಗೆ ಯಾಕೆ ತೆಗೆದುಕೊಳ್ಳಲಿಲ್ಲ, ಇಷ್ಟು ದಿನ ಯಾಕೆ ಕಾದಿರಿ ಎಂದು ಕೇಳಿದಳು. ಇವರು ತಲೆ ತಗ್ಗಿಸಿ ಕೂತಿದ್ದರು. ತಾಯಿಯ ಕಾವಿಯ ಬಗ್ಗೆ ಮಾತು ಬಂದದ್ದಕ್ಕೆ ಪಾಪ ನೋವಾಗಿದೆ ಎಂದು ನಾನು ಅವರ ಕೈ ಹಿಡಿದುಕೊಂಡೆ.

ಗುಳ್ಳೆ ಹಣೆಯಲ್ಲಿ ಕಲೆ ಬಿಟ್ಟು ಒಣಗಿತು, ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಿತು. ತಿಂಗಳುಗಟ್ಟಲೆ ಹನಿ ಹಾಕಿದರು. ಆಫೀಸಿಗೆ ಮರಳಿದೆ, ಆದರೆ ಸಣ್ಣ ಅಕ್ಷರ ಓದುವಾಗ ಎರಡು ಕಣ್ಣೂ ಜಗಳವಾಡುತ್ತಿದ್ದವು. ಶ್ರದ್ಧಾಂಜಲಿ ಪುಟದಲ್ಲಿ ತೀರಿಹೋದವರ ಹೆಸರನ್ನೇ ತಪ್ಪಾಗಿ ಬಿಟ್ಟೆ, ಅವರ ಮಗ ಆಫೀಸಿಗೆ ಬಂದು ಕೂಗಾಡಿದ. ಸಂಪಾದಕರು ಒಳ್ಳೆಯವರು, ಏನೂ ಅನ್ನಲಿಲ್ಲ. ಅವರು ಏನಾದರೂ ಅನ್ನುವ ಮೊದಲು ನಾನೇ ಬಿಟ್ಟೆ. ಆ ಕೆಲಸ ನನಗೆ ಎಷ್ಟು ಇಷ್ಟವಾಗಿತ್ತೆಂದು ಬಿಟ್ಟ ಮೇಲೆಯೇ ಗೊತ್ತಾದದ್ದು. ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿ ಆಫೀಸಿಗೆ ಹೋಗುವ ಸುಖವನ್ನು ಈಗಲೂ ನೆನೆದು ಅತ್ತುಬಿಡುತ್ತೇನೆ.

ಚಾಳಿನಲ್ಲಿ ಯಾರಾದರೂ ಕೇಳಿದರೆ ಕಣ್ಣಿಗೆ ಇನ್‌ಫೆಕ್ಷನ್ ಆಯಿತು, ಕಂಪ್ಯೂಟರ್ ನೋಡಿ ನೋಡಿ ಹೀಗಾಯಿತು ಎಂದೆಲ್ಲ ಹೇಳಿದೆ. ನಾಗೀಣ್ ಬಂದದ್ದು ನಿಜ, ಅದು ಅತ್ತೆಯ ಕೈಯಲ್ಲೇ ಒಣಗಿತು, ಇದು ಬೇರೆ ಎಂದೆ. ಅತ್ತೆ ನನಗೆ ಗಂಜಿ ಮಾಡಿ ಕೊಟ್ಟರು, ತಲೆಗೆ ಎಣ್ಣೆ ಹಚ್ಚಿದರು, ಒಂದೆರಡು ಸಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಅವರನ್ನು ಸಮಾಧಾನ ಮಾಡಿದೆ. ನಿಮ್ಮ ಕೈಯಲ್ಲಿ ದೋಷವಿಲ್ಲ ಅತ್ತೆ, ನನ್ನ ಹಣೆಬರಹ ಎಂದೆ. ನನ್ನ ಕಣ್ಣು ಕಳೆದವರನ್ನು ನಾನೇ ಎದೆಗೊರಗಿಸಿಕೊಂಡು ಸಮಾಧಾನ ಮಾಡಿದ್ದನ್ನು ನೆನೆದರೆ ಇವತ್ತು ಮೈಯೆಲ್ಲ ಉರಿಯುತ್ತದೆ.

ಅವರು ಬರೆಯುವುದನ್ನು ಬಿಡಲಿಲ್ಲ. ಜನ ಬರುತ್ತಲೇ ಇದ್ದರು, ವಾಸಿಯಾಗುತ್ತಲೇ ಇದ್ದರು. ನನಗೊಬ್ಬಳಿಗೇ ಯಾಕೆ ಹೀಗಾಯಿತೆಂದು ಗರಿಕೆ ಆರಿಸುತ್ತ ಯೋಚಿಸುತ್ತಿದ್ದೆ. ನಾನೇ ಪಥ್ಯ ತಪ್ಪಿದೆನೋ, ನನ್ನಲ್ಲೇ ಭಕ್ತಿ ಸಾಲದೋ ಎಂದು. ಊರಿಗೆ ಬಂದ ನೀರು ನನ್ನ ಕೊಡಕ್ಕೆ ಮಾತ್ರ ಬರಲಿಲ್ಲವಲ್ಲ ಎಂಬ ಸಂಕಟ.

ಚಾಳಿನ ನೆಲ ಅಂತಸ್ತಿನಲ್ಲಿ, ಮೆಟ್ಟಿಲು ಇಳಿದ ಕೂಡಲೇ ಎಡಕ್ಕೆ, ಮರಾಠಿ ಡಾಕ್ಟರೊಬ್ಬರ ದವಾಖಾನೆಯಿದೆ. ವಯಸ್ಸಾದವರು, ಚಾಳಿಗೆಲ್ಲ ಅವರೇ. ನಮ್ಮ ಮನೆಯವರು ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋಟೆಲಿನವರಿಗೆಲ್ಲ ರೂಢಿಯಾದ ಡಾಕ್ಟರು ಗ್ರಾಂಟ್ ರೋಡಿನಲ್ಲಿದ್ದರು, ಜ್ವರ ಬಂದರೂ ಇವರು ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಮನೆಯ ಕೆಳಗೆ ಡಾಕ್ಟರಿರುವಾಗ ಲೋಕಲ್ ಹತ್ತಿ ಹೋಗುವುದು ಯಾಕೆಂದು ನಾನು ಕೇಳಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್ ಆಗಿತ್ತು. ಇವರೂ ಮನೆಯಲ್ಲೇ ಇದ್ದರು. ನನಗೆ ಕೆಮ್ಮು ಹತ್ತಿ ಎದೆ ನೋಯುತ್ತಿತ್ತು. ಯಾರಿಗೂ ಹೇಳದೆ ಛತ್ರಿಯನ್ನೂ ಹಿಡಿಯದೆ ಕೆಳಗಿಳಿದು ದವಾಖಾನೆಗೆ ಹೋದೆ. ಡಾಕ್ಟರು ಗಂಟಲಿಗೆ ಟಾರ್ಚ್ ಹಿಡಿದರು. ಆಮೇಲೆ ಟಾರ್ಚ್ ಮೇಲೆ ಹೋಗಿ ನನ್ನ ಬಲಗಣ್ಣಿನ ಮೇಲೆ ನಿಂತಿತು. ನಾಗೀಣ್ ಬಂದಿತ್ತೇ ಎಂದು ಕೇಳಿದರು. ಹೌದೆಂದೆ. ಆಗ ಎಲ್ಲಿದ್ದಿರಿ ಎಂದರು. ಇಲ್ಲೇ, ಮೂರನೇ ಮಾಳಿಗೆಯಲ್ಲಿ, ನಾನು ಅಮ್ಮನ ಸೊಸೆ ಎಂದೆ.

ಅವರು ಟಾರ್ಚ್ ಆರಿಸಿ ಮೇಜಿನ ಮೇಲಿಟ್ಟರು. “ಅಮ್ಮಾಂನೀ ತುಮ್ಹಾಲಾ ಪಾಠವ್ಲಂ ನಾಹೀ?” ಎಂದರು. ಅಮ್ಮ ನಿಮ್ಮನ್ನು ಕಳಿಸಲಿಲ್ಲವೇ?

ಎಲ್ಲಿಗೆ ಎಂದು ಕೇಳಿದೆ. ನನ್ನ ಹತ್ತಿರಕ್ಕೆ ಎಂದರು. ಆಮೇಲೆ ಅವರು ಸಹಜವಾಗಿ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿಕೊಂಡು ಹೋದರು. ಎಷ್ಟೋ ವರ್ಷಗಳಿಂದ ಅಮ್ಮ ನಾಗೀಣ್ ಬಂದ ಪ್ರತಿಯೊಬ್ಬರನ್ನೂ ಮೊದಲ ದಿನವೇ ಕೆಳಗೆ ಕಳಿಸುತ್ತಾರೆ. ಎರಡನೇ ದಿನ ಮೆಟ್ಟಿಲ ಬಳಿಯೇ ಗುಳಿಗೆಯ ಪಟ್ಟಿ ತೋರಿಸದಿದ್ದರೆ ಕಾವಿ ಬರೆಯುವುದಿಲ್ಲ. ತಾವೂ ಯಾರಿಗೂ ಕಾವಿ ಬೇಡವೆನ್ನುವುದಿಲ್ಲ, ಉರಿಗೆ ತಂಪು. ಅದಕ್ಕಿಂತ ಹೆಚ್ಚಾಗಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ತಾವು ಹೇಳಿದರೆ ಯಾರೂ ಕೇಳುವುದಿಲ್ಲ, ಅಮ್ಮ ಪಥ್ಯವೆಂದರೆ ವಾರವಿಡೀ ಮನೆಯಲ್ಲಿ ಬಿದ್ದಿರುತ್ತಾರೆ. ನಾವಿಬ್ಬರೂ ಸೇರಿಯೇ ಚಾಳನ್ನು ನೋಡಿಕೊಂಡಿದ್ದೇವೆ ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಕೆಮ್ಮಿಗೆ ಏನು ಬರೆದುಕೊಟ್ಟರೋ ನನಗೆ ನೆನಪಿಲ್ಲ. ಆ ಚೀಟಿಯನ್ನು ಅಲ್ಲೇ ಬಿಟ್ಟುಬಂದಿದ್ದೆ.

ಮೆಟ್ಟಿಲು ಹತ್ತುವಾಗ ಮಾಸ್ತರರ ಬಾಗಿಲು ಸಿಕ್ಕಿತು. ಅವರು ಗುಣವಾದದ್ದು ಹೇಗೆಂದು ಈಗ ಗೊತ್ತಾಗಿತ್ತು. ಮೀನಿನ ಹೆಂಗಸು, ದೋಸೆ ಭಟ್ಟರು, ಪೊಲೀಸ್ ಲೈನಿನವರು, ಎಲ್ಲರೂ ಈ ಮೆಟ್ಟಿಲಿಳಿದು ಎಡಕ್ಕೆ ತಿರುಗಿದವರೇ. ಕೈಗುಣಕ್ಕೆ ಸಾಕ್ಷಿಯೆಂದು ನಾನು ಯಾರನ್ನು ನಂಬಿದ್ದೆನೋ ಅವರೆಲ್ಲ ನನಗೆ ಕಾಣದ ಒಂದು ಬಾಗಿಲಿನಿಂದ ಹಾದುಬಂದವರು. ಊರಿಗೊಂದು ದಾರಿ, ಪೋರನಿಗೊಂದು ದಾರಿ ಅನ್ನುತ್ತಾರೆ. ಆ ಗಾದೆಯ ಪೋರ ಬೇಕೆಂದೇ ಬೇರೆ ದಾರಿ ಹಿಡಿಯುತ್ತಾನೆ. ನನಗೆ ಊರಿನ ದಾರಿ ಇದೆಯೆಂದೇ ಯಾರೂ ಹೇಳಿರಲಿಲ್ಲ.

ಇವರು ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಮಳೆಯ ಸುದ್ದಿ ನೋಡುತ್ತಿದ್ದರು. ದೋಸೆ ಭಟ್ಟರಿಗೆ ಸರ್ಪಸುತ್ತು ಬಂದಾಗ ಮೊದಲು ಎಲ್ಲಿಗೆ ಕರೆದುಕೊಂಡು ಹೋದಿರಿ ಎಂದು ಕೇಳಿದೆ. ಅವರಿಗೆ ಕೂಡಲೇ ಅರ್ಥವಾಯಿತು. ಸುಳ್ಳು ಹೇಳಲಿಲ್ಲ, ಆ ಮಟ್ಟಿಗೆ ಅವರ ಪುಣ್ಯ. ಕೆಳಗೆ ಡಾಕ್ಟರ ಹತ್ತಿರ ಎಂದರು.

“ಮತ್ತೆ ನನ್ನನ್ನು?” ಎಂದೆ.

“ಅಮ್ಮ ಬೇಡ ಅಂದ್ರು.” ಮೊಬೈಲನ್ನು ಮಂಚದ ಮೇಲಿಟ್ಟು, “ನೀನೂ ಫೋನಲ್ಲಿ ಹೇಳಿದ್ದಿ ಅಲ್ವಾ, ಅತ್ತೆ ಬರೀತಿದ್ದಾರೆ ಎಂತ ಆಗುದಿಲ್ಲ ಅಂತ? ನಿಂಗೇ ಮನಸ್ಸುಂಟು ಅಂತ ನಾನು ಗ್ರಹಿಸಿದೆ,” ಎಂದರು.

ಅವರ ಕೆನ್ನೆಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಅವರಿಗೆ ಗೊತ್ತಿದ್ದು, ನನಗೆ ಗೊತ್ತಿಲ್ಲವೆಂಬುದೂ ಗೊತ್ತಿದ್ದು, ನನ್ನ ನಂಬಿಕೆಯನ್ನೇ ನನ್ನ ಒಪ್ಪಿಗೆಯೆಂದು ಲೆಕ್ಕ ಹಾಕಿಕೊಂಡು ಶರ್ಟಿನ ಗುಂಡಿ ಹಾಕಿ ಹೊರಟುಹೋದ ಮನುಷ್ಯ. ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರು. ಆಸ್ಪತ್ರೆಯಲ್ಲಿ ನಾನು ಹಿಡಿದುಕೊಂಡ ಕೈಯನ್ನು ಅವರು ಬಿಡಿಸಿಕೊಂಡಿರಲಿಲ್ಲ, ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಅತ್ತೆ ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಹರಿವೆ ಹೆಚ್ಚುತ್ತಿದ್ದರು. ಗೋಡೆಯಾಚೆ ನಡೆದ ಮಾತೆಲ್ಲ ಅವರಿಗೆ ಕೇಳಿಸಿತ್ತು. ನಾನು ಎದುರಿಗೆ ಕೂತೆ. ಎಲ್ಲರನ್ನೂ ಕಳಿಸುವವರು ನನ್ನನ್ನು ಯಾಕೆ ಕಳಿಸಲಿಲ್ಲ ಎಂದು ಕೇಳಿದೆ.

ಅವರು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಕೈಗುಣದ ಮಾತು ಹೇಳಿದ್ದೆನಲ್ಲ, ನಿನ್ನ ಬಿಟ್ಟರೆ ಅದು ಹೋಗುವುದು ಯಾರಿಗೆ, ನನ್ನೊಟ್ಟಿಗೇ ಸುಡುಗಾಡಿಗೆ ಹೋಗಬೇಕಾ ಎಂದರು. ನಾನು ಅಷ್ಟಕ್ಕೆ ಬಿಡಲಿಲ್ಲ. ಆಗ ಕತ್ತಿಯಿಂದ ಕಾಲು ತೆಗೆದು ನನ್ನನ್ನು ನೋಡಿದರು.

“ಹೊರಗಿನವರು ಡಾಕ್ಟ್ರ ಹತ್ರ ಹೋದ್ರೆ ಯಾರೂ ಎಂತ ಹೇಳುದಿಲ್ಲ ಮಗಾ. ನಮ್ಮನೆ ಸೊಸೆಯೇ ಅಲ್ಲಿ ಹೋಗಿ ಕೂತ್ರೆ, ಇವಳ ಕಾವಿ ಇವಳ ಮನೆಯವರಿಗೇ ನಾಟುದಿಲ್ಲ ಅಂತ ಚಾಳಿಡೀ ಹೇಳ್ತಾರೆ. ಮತ್ತೆ ನಾನು ಈ ಗ್ಯಾಲರಿಯಲ್ಲಿ ಹೇಗೆ ತಲೆ ಎತ್ತಿ ನಡೆಯುದು?”

ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ಕಷ್ಟ. ಕಪಟವಿದ್ದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಅವರ ಗಂಡ ಹೋಟೆಲಿನಲ್ಲಿ ಪಾತ್ರೆ ತೊಳೆಯುವಲ್ಲಿಂದ ಶುರುಮಾಡಿದ ಮನೆ ಇದು. ಇಂಗ್ಲಿಷ್ ಬಾರದ, ಮರಾಠಿ ಸರಿಯಾಗಿ ಬಾರದ ಹೆಂಗಸಿಗೆ ಈ ಊರು ಕೊಟ್ಟ ಮರ್ಯಾದೆಯೆಂದರೆ ಅದೊಂದೇ. ಅದು ನನಗೂ ಗೊತ್ತಿತ್ತು. ಅದಕ್ಕೇ ಅಲ್ಲವೇ ನಾನು ಎಲ್ಲರ ಬಳಿ ಸುಳ್ಳು ಹೇಳಿ ಅದನ್ನು ಕಾಪಾಡಿದ್ದು.

ಕೊನೆಗೆ ಒಂದು ಪ್ರಶ್ನೆ ಉಳಿದಿತ್ತು. ಕಾವಿಯ ಮೇಲೆ ಅಷ್ಟು ನಂಬಿಕೆಯಿದ್ದವರು ಉಳಿದವರನ್ನು ಡಾಕ್ಟರ ಹತ್ತಿರ ಕಳಿಸಲು ಶುರು ಮಾಡಿದ್ದಾದರೂ ಯಾಕೆ ಎಂದು ಕೇಳಿದೆ. ಅವರು ಹೆಚ್ಚಿದ ಹರಿವೆಯನ್ನು ಪಾತ್ರೆಗೆ ಹಾಕಿದರು, ನೀರು ಹೊಯ್ದರು. ಆಮೇಲೆ ಹೇಳಿದರು. ನಾನು ಮದುವೆಯಾಗಿ ಬರುವ ಮೊದಲು ಹಿಂಬದಿಯ ಚಾಳಿನ ಒಬ್ಬಳು ಹುಡುಗಿಗೆ ಬಂದಿತ್ತಂತೆ. ಅತ್ತೆ ಬರೆದರು, ಬರೀ ಕಾವಿ. ಬಂದದ್ದು ಹಣೆಯ ಮೇಲೆ. ಹುಡುಗಿಯ ಕಣ್ಣು ಹೋಯಿತು. ಕೆಳಗಿನ ಡಾಕ್ಟರು ಮೆಟ್ಟಿಲು ಹತ್ತಿ ಬಂದು, ನಿಮ್ಮ ಕಾವಿ ನೀವು ಬರೆಯಿರಿ, ಆದರೆ ಮೊದಲ ದಿನವೇ ನನ್ನ ಹತ್ತಿರ ಕಳಿಸಿ ಎಂದು ಕೈಮುಗಿದು ಕೇಳಿಕೊಂಡರಂತೆ. ಅಂದಿನಿಂದ ಒಬ್ಬರನ್ನೂ ಅವರು ಕಳಿಸದೆ ಬಿಟ್ಟಿಲ್ಲ.

“ಹಾಗಾದರೆ ಹಣೆಯ ಮೇಲೆ ಬಂದರೆ ಕಣ್ಣು ಹೋಗುತ್ತದೆಂದು ನಿಮಗೆ ಗೊತ್ತಿತ್ತು,” ಎಂದೆ.

“ಗೊತ್ತಿತ್ತು,” ಎಂದರು ಅತ್ತೆ. “ನಿಂಗೆ ಹಾಗೆ ಆಗ್ಲಿಕ್ಕಿಲ್ಲ ಅಂತ ಗ್ರಹಿಸಿದೆ. ನೀನು ಮನೆಯವಳಲ್ವಾ.”

ನಾನು ಎದ್ದು ಗ್ಯಾಲರಿಗೆ ಬಂದು ನಿಂತೆ. ಮಳೆ ಹೊಡೆಯುತ್ತಿತ್ತು. ಮೋಸ ಮಾಡಿದವರನ್ನು ಬೈಯಲು ನಮ್ಮ ಭಾಷೆಯಲ್ಲಿ ಎಷ್ಟೆಲ್ಲ ಮಾತಿದೆ, ಅವನ್ನೆಲ್ಲ ನಾನು ಅಚ್ಚಿನಲ್ಲಿ ತಿದ್ದಿದವಳು. ಒಂದೂ ಬಾಯಿಗೆ ಬರಲಿಲ್ಲ.

ಮಳೆ ನಿಂತು ಲೋಕಲ್ ಶುರುವಾದ ಮೇಲೆ, ಒಂದು ಬೆಳಗ್ಗೆ, ನೀರು ಬರುವ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಇಳಿದು ಬಂದಳು. ನಾಲ್ಕನೇ ಮಾಳಿಗೆಗೆ ಹೊಸದಾಗಿ ಬಂದ ಯುಪಿಯವಳು, ತೋಳಿನ ಮೇಲೆ ಗುಳ್ಳೆ. ಅತ್ತೆ ಒಳಗೆ ಕಾವಿ ತೇಯುತ್ತಿದ್ದರು. ನಾನು ಪೈಪು ಡ್ರಮ್ಮಿನಲ್ಲೇ ಬಿಟ್ಟು ಹೊರಗೆ ಬಂದೆ. ಇಷ್ಟು ವರ್ಷ ಮೆಟ್ಟಿಲ ಬಳಿ ಪಿಸುಗುಟ್ಟಿದ್ದನ್ನು ಇವತ್ತು ಚಾಳಿಡೀ ಕೇಳಲಿ ಎಂದುಕೊಂಡೆ. ಅತ್ತೆಯ ಮರ್ಯಾದೆ ಹೋಗುವುದಿದ್ದರೆ ನನ್ನ ಬಾಯಿಂದಲೇ ಹೋಗಲಿ. ಮೊದಲು ಕೆಳಗಿನ ಡಾಕ್ಟರ ಹತ್ತಿರ ಹೋಗಿ ಗುಳಿಗೆ ತೆಗೆದುಕೊಂಡು ಬಾ, ಅದಿಲ್ಲದೆ ಬರೀ ಈ ಮಣ್ಣಿನಿಂದ ಏನೂ ಆಗುವುದಿಲ್ಲ ಎಂದು ಗ್ಯಾಲರಿಯಲ್ಲಿ ನಿಂತು ಹಿಂದಿಯಲ್ಲಿ ಕೂಗಿ ಹೇಳಿದೆ. ಹಲ್ಲುಜ್ಜುತ್ತಿದ್ದವರು, ಬಟ್ಟೆ ಹರವುತ್ತಿದ್ದವರು ತಿರುಗಿ ನೋಡಿದರು.

ಆ ಹೆಂಗಸು ಗಲಿಬಿಲಿಯಾಗಲಿಲ್ಲ. ರವಿಕೆಯೊಳಗಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದಳು. ನಿನ್ನೆಯೇ ತೆಗೆದುಕೊಂಡಿದ್ದಾಳೆ, ಇಲ್ಲಿಗೆ ಬರುವ ಮುಂಚೆ ಡಾಕ್ಟರ ಹತ್ತಿರ ಹೋಗಬೇಕೆಂದು ಚಾಳಿಗೆ ಬಂದ ವಾರದಲ್ಲೇ ಅವಳಿಗೆ ಯಾರೋ ಹೇಳಿದ್ದರಂತೆ. ಅಮ್ಮನ ಕೈ ತಾಗಿದರೆ ಮನಸ್ಸಿಗೂ ಸಮಾಧಾನ, ಅದಕ್ಕೇ ಬಂದೆ ಎಂದಳು. ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಮರಾಠಿ ಮುದುಕಿಯೂ ಹೌದೆಂದು ತಲೆಯಾಡಿಸಿ ತನ್ನ ಕೆಲಸಕ್ಕೆ ತಿರುಗಿಕೊಂಡಳು. ಯಾರಿಗೂ ಅದು ಸುದ್ದಿಯೇ ಆಗಿರಲಿಲ್ಲ. ಯಾರ ಮುಖದಲ್ಲೂ ಅತ್ತೆಯ ಬಗ್ಗೆ ಗೌರವ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

“ಆಪ್ ಭೀ ತೋ ಗಯೀ ಹೋಂಗೀ ನಾ, ಭಾಭೀ?” ಎಂದಳು ಆ ಹೆಂಗಸು, ನನ್ನ ಹಣೆಯ ಕಲೆ ನೋಡುತ್ತ. ನೀವೂ ಹೋಗಿರುತ್ತೀರಲ್ಲ.

ಪಕ್ಕದ ಮುದುಕಿ ನನ್ನ ಪರವಾಗಿ ತಾನೇ ಉತ್ತರ ಕೊಟ್ಟಳು. ಹೋಗದೆ ಏನು, ಅಮ್ಮ ಊರವರನ್ನೇ ಕಳಿಸುತ್ತಾರೆ, ಸ್ವಂತ ಸೊಸೆಯನ್ನು ಬಿಡುತ್ತಾರೆಯೇ ಎಂದಳು.

ಇಲ್ಲ, ನಾನು ಹೋಗಲಿಲ್ಲ ಎಂದೆ. ನನ್ನನ್ನು ಕಳಿಸಲಿಲ್ಲ. ಮುದುಕಿಯ ಕೈಯಲ್ಲಿದ್ದ ಒದ್ದೆ ಸೀರೆ ಕಟಕಟೆಯ ಮೇಲೆ ಹಾಗೆಯೇ ನಿಂತಿತು. ಒಳಗೆ ಅತ್ತೆಗೆ ಎಲ್ಲವೂ ಕೇಳಿಸಿರಬೇಕು. ಕಾವಿ ತೇಯುವ ಸದ್ದು ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಯಿತು.